ಅಧ್ಯಕ್ಷ ಬಿಲಿಕ್ ಕಾಯುತ್ತಿದ್ದ ತೊಲೆ

ಒರೆಸ್ಟ್ ಬಿಲಿಕ್‌ನಂಥ ಜಂಬದ ಮನುಷ್ಯನನ್ನು ನ್ಯೂಜೆರ್ಸಿಯಲ್ಲಿ ನಾನು ಇನ್ನೊಬ್ಬನನ್ನು ಕಾಣೆ. ನಮ್ಮ ಮೈಸೂರಿನಲ್ಲಿ ಒಂದಿಬ್ಬರಿದ್ದರು, ಅವರೂ ಇವನ ಮುಂದೆ ಪಾಪದವರು. ನಾವಿಬ್ಬರೂ ಒಂದೇ ಕಂಪನಿಯಲ್ಲಿ ಸೇತುವೆ ತಪಾಸಣೆ ಮಾಡುವ ಎಂಜಿನಿಯರುಗಳು, ಅವನು ನನ್ನ ಮೇಲಧಿಕಾರಿ. ಸೇತುವೆಯ ಅಡಿ ನಿಂತು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು ನಮ್ಮ ಕೆಲಸ. ಗಟ್ಟಿಯಿದ್ದರೆ ಟಣ್ ಎನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಬೊದ್ ಎನ್ನುತ್ತದೆ. ನನ್ನ ರಿಪೋರ್ಟಿನಲ್ಲಿ ‘ಬಹುಶಃ’ ಎಂದು ಕಂಡರೆ ಸಾಕು, ಕೆಂಪು ಪೆನ್ನಿನಿಂದ ಹೊಡೆದು ಹಾಕಿ, “ಮುಕ್ತಾರ್, ಕೇಳಿಸಿದ್ದನ್ನ ಬರಿ. ಬರೆಯೋ ಧೈರ್ಯ ಇಲ್ಲದಿದ್ರೆ ಸುತ್ತಿಗೆ ಮುಟ್ಟಬೇಡ” ಅನ್ನುತ್ತಿದ್ದ. ಅಬ್ಬಾ, ಹರಿಶ್ಚಂದ್ರನ ತುಂಡು! ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ಬೈಗುಳ ಮಾತ್ರ ಅವನದು ಉಕ್ರೇನಿಯನ್, ನನ್ನದು ಕನ್ನಡ.

ಅವನು ಹುಟ್ಟಿದ್ದು ೧೯೪೧ರಲ್ಲಿ, ಟೆರ್ನೋಪಿಲ್ ಹತ್ತಿರದ ಒಂದು ಹಳ್ಳಿಯಲ್ಲಿ. ಯುದ್ಧದಲ್ಲಿ ಮನೆಮಂದಿಯೆಲ್ಲ ಓಡಿ ಜರ್ಮನಿಯ ನಿರಾಶ್ರಿತರ ಶಿಬಿರ ಸೇರಿದರು. ಅಮೆರಿಕಕ್ಕೆ ಬರಬೇಕಾದರೆ ಆಗ ಇಲ್ಲಿಯವರು ಯಾರಾದರೂ ‘ಇವರ ಹೊಣೆ ನನ್ನದು’ ಎಂದು ರುಜು ಹಾಕಬೇಕಿತ್ತು. ಹಾಕಿದವನು ಪೆಟ್ರೋ ಎಂಬ ಕೋಳಿ ಸಾಕುವ ರೈತ. ಎಂಟು ವರ್ಷದ ಒರೆಸ್ಟ್ ಎರಡು ಚಳಿಗಾಲ ಮಲಗಿದ್ದು ಆ ರೈತನ ಕೊಟ್ಟಿಗೆಯ ಅಟ್ಟದಲ್ಲಿ. ಅಲ್ಲಿಂದ ಓದಿ ಎಂಜಿನಿಯರಾದ, ನಲವತ್ತರ ಹೊತ್ತಿಗೆ ತನ್ನವರ ಮುಖಂಡನೂ ಆದ. ಮಕ್ಕಳಿಗೆ ಶನಿವಾರದ ಭಾಷಾ ಶಾಲೆ, ಮುದುಕರಿಗೆ ಪೆನ್ಷನ್ ಅರ್ಜಿ, ಸತ್ತವರಿಗೆ ಮಣ್ಣು, ಎಲ್ಲಕ್ಕೂ ಬಿಲಿಕ್ ಬೇಕು. ಇಷ್ಟನ್ನು ನಾನು ಇಲ್ಲವೆನ್ನುವುದಿಲ್ಲ.

೧೯೮೩ರಲ್ಲಿ ಅವರು ಒಂದು ಹಾಲ್ ಕಟ್ಟಿದರು. ತೊಲೋಕಾ ಅಂತ ಅವರಲ್ಲೊಂದು ಪದ್ಧತಿ, ಹೆಚ್ಚುಕಡಿಮೆ ನಮ್ಮ ಮುಯ್ಯಾಳಿನ ಹಾಗೆ: ಊರವರೆಲ್ಲ ಸೇರಿ ಕೂಲಿಯಿಲ್ಲದೆ ದುಡಿಯುವುದು, ಕೈಲಾದ ಸಾಮಾನು ತರುವುದು, ಒಟ್ಟಿಗೆ ಉಣ್ಣುವುದು. ನಕ್ಷೆ ಬಿಲಿಕ್‌ನದು. ಆ ಹಾಲಿನ ಕುಣಿತದ ನೆಲದ ಮೇಲೆ, ಎಡಗಡೆ, ಸರಿಯಾಗಿ ಅಡ್ಡಬರುವ ಜಾಗದಲ್ಲಿ ಒಂದು ಮೇಜು. ಅದು ಅಧ್ಯಕ್ಷರ ಮೇಜು. ಇಪ್ಪತ್ತೈದು ವರ್ಷ ಅಧ್ಯಕ್ಷಗಿರಿಯನ್ನೂ ಬಿಡಲಿಲ್ಲ, ಮೇಜನ್ನೂ ಸರಿಸಲಿಲ್ಲ. ಜನ ಅದನ್ನು ಸುತ್ತಿಕೊಂಡು ಕುಣಿಯಬೇಕು, ಇವನೊಬ್ಬನೇ ಅಲ್ಲಿ ಕೂತು ಬೀಟ್ರೂಟ್ ಸಾರು ಕುಡಿಯಬೇಕು. ಏನು ದೌಲತ್ತು!

೨೦೦೪ರಿಂದ ನಮ್ಮ ಕನ್ನಡ ಕೂಟ ಸಂಕ್ರಾಂತಿಗೆ ಅದೇ ಹಾಲನ್ನು ಬಾಡಿಗೆ ಹಿಡಿಯುತ್ತಿತ್ತು. ಕೊಡಿಸಿದವನು ನಾನೇ. ಬಿಲಿಕ್ ಬೀಗದ ಕೈ ಕೊಟ್ಟು ಹೋಗುತ್ತಲೇ ಕೂಟದ ಕಾರ್ಯದರ್ಶಿ ಭಾನುಮತಿ ಮೇಜನ್ನು ಗೋಡೆಗೆ ತಳ್ಳಿಸುತ್ತಿದ್ದರು. “ರೀ ಮುಕ್ತಾರ್, ನಿಮ್ಮ ಬಾಸ್‌ದು ಏನ್ರೀ ಇದು, ಸಿಂಹಾಸನಾನಾ? ಮಕ್ಕಳ ಕೋಲಾಟಕ್ಕೆ ಸ್ಪೇಸ್ ಬೇಡ್ವಾ?” ಎಂದು ಗದರುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ.

೨೦೦೮ರ ನವೆಂಬರಿನಲ್ಲಿ ಕಂಪನಿ ನಮ್ಮಿಬ್ಬರನ್ನೂ ಒಂದೇ ಶುಕ್ರವಾರ ಮನೆಗೆ ಕಳಿಸಿತು. ವಾಲ್‌ಸ್ಟ್ರೀಟಿನ ಬುದ್ಧಿವಂತರು ಮುಳುಗಿದ್ದಕ್ಕೆ ಸೇತುವೆ ತಟ್ಟುವವರು ನೆನೆಯಬೇಕಾಯಿತು, ಮುಂಡೇವು! ಡಿಸೆಂಬರಿನಲ್ಲಿ ಬಿಲಿಕ್‌ನವರೂ ಅವನನ್ನು ಇಳಿಸಿ ಒಬ್ಬ ಹಲ್ಲಿನ ಡಾಕ್ಟರನ್ನು ಅಧ್ಯಕ್ಷನನ್ನಾಗಿ ಆರಿಸಿದರು. ಆತ ಮಾಡಿದ ಮೊದಲ ಕೆಲಸ ಆ ಮೇಜನ್ನು ಹೊರಗೆ ಎಸೆದದ್ದು. ಜನವರಿ ೧೭ಕ್ಕೆ ಮಲಾಂಕಾ, ಅವರ ಹಳೆಯ ಪಂಚಾಂಗದ ಹೊಸವರ್ಷದ ಕುಣಿತ. ಈ ಸಲ ಮುನ್ನೂರು ಜನ ಎಂದು ಸಾರಿದ. ಮರುದಿನ ಭಾನುವಾರ ನಮ್ಮ ಕೂಟದ ಸಂಕ್ರಾಂತಿ.

ಜನವರಿ ಒಂಬತ್ತರ ಮಧ್ಯಾಹ್ನ ಬಿಲಿಕ್ ಈಸ್ಟ್ ಬ್ರನ್ಸ್‌ವಿಕ್‌ನ ನನ್ನ ಮನೆಗೆ ಬಂದ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ನನ್ನ ಹೆಂಡತಿ ಆರಿಫಾ ಕೊಟ್ಟ ಚಹಾ ಮುಟ್ಟದೆ ಹೇಳಿದ, “ಆ ಮೇಜಿನ ಕೆಳಗಿನ ತೊಲೆ ಕೊಳೆತಿದೆ. ಮುನ್ನೂರು ಜನ ತಾಳಕ್ಕೆ ಕುಟ್ಟಿದ್ರೆ ನೆಲಮಾಳಿಗೆಗೆ ಇಳೀತಾರೆ.”

ಕಥೆ ಇಷ್ಟೇ. ತೊಲೋಕಾಕ್ಕೆ ಮುದುಕ ಪೆಟ್ರೋ ತನ್ನ ಕೊಟ್ಟಿಗೆ ಕಳಚಿ ಒಂದು ತೊಲೆ ತಂದಿದ್ದ. ಇವನು ಸುತ್ತಿಗೆಯಿಂದ ತಟ್ಟಿದಾಗಲೇ ಬೊದ್ ಎಂದಿತು. ಆದರೆ ಅನ್ನ ಕೊಟ್ಟವನ ಉಡುಗೊರೆಯನ್ನು ಊರೆದುರು ಬೇಡ ಎನ್ನಲು ನಾಲಗೆ ಏಳಲಿಲ್ಲ. ತೊಲೆ ನೆಲದಡಿ ಸೇರಿತು, ಪೆಟ್ರೋನ ಹೆಸರು ಹಿತ್ತಾಳೆ ಫಲಕದಲ್ಲಿ ಗೋಡೆ ಸೇರಿತು. ಆಮೇಲೆ ಬದಲಿಸೋಣವೆಂದರೆ ನೆಲ ಕೀಳಬೇಕು. ಕಿತ್ತರೆ ಯಾಕೆಂದು ಹೇಳಬೇಕು. ಅದಕ್ಕೇ ಮೇಜು ಹಾಕಿಕೊಂಡು ಕೂತ, ಇಪ್ಪತ್ತೈದು ವರ್ಷ!

“ತಪಾಸಣೆ ಮಾಡಿದ್ದು ನೀನು ಅಂತ ರಿಪೋರ್ಟ್ ಬರಿ. ಹಾಲ್ ಬಾಡಿಗೆಗೆ ಹಿಡಿದವರು ನೀವು. ನಾನು ಹೇಳಿದ್ರೆ ಸೋತ ಹೊಟ್ಟೆಕಿಚ್ಚು ಅಂತಾರೆ” ಎಂದ.

ನನಗೆ ಮೈಯೆಲ್ಲ ಉರಿಯಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ನನ್ನ ಒಂದೊಂದು ‘ಬಹುಶಃ’ಕ್ಕೂ ಕೆಂಪು ಗೀಟೆಳೆದವನು ಇವನೇ ತಾನೇ? “ಥೂ, ನಾಚಿಕೆಯಾಗಲ್ವೇನ್ರೀ ನಿಮಗೆ? ಎಷ್ಟು ಮದುವೆ ಆಯ್ತು ಆ ನೆಲದ ಮೇಲೆ, ಎಷ್ಟು ಮಕ್ಕಳು ಕುಣಿದ್ರು! ನೀವು ಎಂಜಿನಿಯರಲ್ಲ, ಪುಕ್ಕಲ!” ಎಂದು ಬಾಯಿಗೆ ಬಂದಂತೆ ಅಂದೆ.

ಅವನು ಚಹಾದ ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಹೇಳಿದ, “೨೦೦೫. ಕೈಗವಸು ಮರೆತು ಹಾಲಿಗೆ ವಾಪಸ್ ಬಂದಿದ್ದೆ. ನಿಮ್ಮವರು ಮೇಜು ಸರಿಸಿದ್ರು. ನೀನು ಅಲ್ಲಿ ನಿಂತು ಹಿಮ್ಮಡೀಲಿ ಎರಡು ಸಲ ಕುಟ್ಟಿದೆ, ಕಿವಿಗೊಟ್ಟೆ. ನಿನ್ನ ಕಿವಿ ಪಳಗಿಸಿದವನು ನಾನು. ನೀನು ಹೇಳ್ತೀಯ ಅಂತ ಬಾಗಿಲಲ್ಲೇ ಕಾದೆ. ನೀನು ಮಗಳು ಅಕ್ಸಾಳ ಕೈ ಹಿಡಿದು ಆಚೆ ಕರಕೊಂಡು ಹೋದೆ, ಅಷ್ಟೆ.”

ನಿಜ. ಅಷ್ಟು ಅಗ್ಗದ ಹಾಲ್ ಸುತ್ತಮುತ್ತ ಇನ್ನೊಂದಿರಲಿಲ್ಲ. ಕೊಡಿಸಿದವನು ನಾನು, ಬಾಸಿನ ಹಾಲ್ ಬೇರೆ. ಮಕ್ಕಳ ತೂಕ ಎಷ್ಟು ಮಹಾ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಬಹುಶಃ ತಡೆಯುತ್ತದೆ ಎಂದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಇಬ್ಬರೂ ಹಾಲಿಗೆ ಹೋದೆವು. ಅವರ ಕಮಿಟಿ ಸೇರಿತ್ತು, ನಮ್ಮ ಕೂಟದ ಪರವಾಗಿ ಭಾನುಮತಿಯೂ ಬಂದಿದ್ದರು. ಬಿಲಿಕ್ ಎದ್ದು ನಿಂತು ಮೊದಲು ಉಕ್ರೇನಿಯನ್ನಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದ. ಅವನೆಂದಂತೆಯೇ ಆಯಿತು, ಹಲ್ಲಿನ ಡಾಕ್ಟರು ನಕ್ಕ, ಕುರ್ಚಿ ಹೋದದ್ದಕ್ಕೆ ಕಟ್ಟಡಕ್ಕೆ ಶಾಪ ಎಂದ. ಬಿಲಿಕ್ ಹಾರೆಯಿಂದ ನಾಲ್ಕು ಹಲಗೆ ಎಬ್ಬಿಸಿ, ಮಂಡಿಯೂರಿ, ತೊಲೆಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಯಾರೂ ನಗಲಿಲ್ಲ.

ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳದೆ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅರವತ್ತೇಳರ ಆ ಜಂಬಗಾರ ಎಲ್ಲರೆದುರು ಮಂಡಿಯೂರಿ ಕೂತಿದ್ದ. “ನನಗೂ ಗೊತ್ತಿತ್ತು. ನಾಲ್ಕು ವರ್ಷದಿಂದ” ಎಂದೆ, ಕನ್ನಡದಲ್ಲಿ.

ಭಾನುಮತಿ ಆ ಗುಂಡಿಯನ್ನೇ ನೋಡುತ್ತಿದ್ದರು. “ನನ್ನ ಮಗಳು ಇಂಚರಾ ಪ್ರತಿವರ್ಷ ಇಲ್ಲೇ ಕೋಲಾಟ ಆಡಿದ್ಲಲ್ರೀ” ಎಂದರು.

ನಾನು ತಲೆಯಾಡಿಸಿದೆ.

“ನಿಮ್ಮ ಅಕ್ಸಾಗೆ ಕಾಲು ನೋವು ಅಂತ ಕೂರಿಸ್ತಿದ್ರಿ. ನಾನು ಅಯ್ಯೋ ಪಾಪ ಮಗು ಅಂತ ಪ್ರತಿವರ್ಷ ಊರಿಂದ ಎಣ್ಣೆ ತರಿಸಿ ಕೊಟ್ಟೆ.”