ಒಕ್ಕಣ್ಣಿನ ಬೊಂಬೆ ಮತ್ತು ನನಗೆ ಓಟಿಲ್ಲದ ಕ್ಷೇತ್ರ

ಆ ಕಣ್ಣಿಗೆ ನಾನು ಕೊಟ್ಟದ್ದು ನಲವತ್ತು ರಿಂಗಿಟ್. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ದೇವಸ್ಥಾನದ ವಿಗ್ರಹಗಳಿಗೆ ಬಣ್ಣ ಹಚ್ಚುವ ತಮಿಳರೊಬ್ಬರು ಅರವತ್ತು ಕೇಳಿದ್ದರು. ಎರಡು ಕಣ್ಣಿಗಾದರೆ ಅರವತ್ತು ಸರಿ, ಇದು ಒಂದೇ ಅಲ್ಲವೇ ಎಂದು ಇಳಿಸಿದೆ. ಕೊಟ್ಟದ್ದು ಏಕೆಂದರೆ, ಆ ತಿಂಗಳು ನನ್ನ ಗುತ್ತಿಗೆ ನವೀಕರಣಕ್ಕೆ ಬಂದಿತ್ತು.

ನನ್ನದು ಕ್ಲಾಂಗ್ ಬಂದರಿನ ಬಳಿ ಮರದ ಪೆಟ್ಟಿಗೆ ಮಾಡಿ ಯಂತ್ರಗಳನ್ನು ಪ್ಯಾಕ್ ಮಾಡುವ ಸಣ್ಣ ವ್ಯಾಪಾರ. ಬರಿಗೈಯಲ್ಲಿ ಬಂದು, ಇನ್ನೊಬ್ಬರ ಗೋದಾಮಿನಲ್ಲಿ ಮೊಳೆ ಹೊಡೆದು, ಆಮೇಲೆ ಸ್ವಂತ ಬೋರ್ಡು ಹಾಕಿಕೊಂಡವನು ನಾನು. ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಜಪಾನಿ ಕಂಪನಿಯದು. ಅದು ಕೈತಪ್ಪಿದರೆ ಗೋದಾಮಿಗೆ ಬೀಗವೇ.

ಆ ಕಂಪನಿ ಪಕ್ಕದ ಕಟ್ಟಡಕ್ಕೆ ಕಚೇರಿ ಬದಲಿಸಿದಾಗ ಸಾಮಾನು ಸಾಗಿಸಿದವರೂ ನಾವೇ. ಮ್ಯಾನೇಜರ ಮೇಜಿನ ಸಾಮಾನಿನಲ್ಲಿ ಕಾಗದದ ಕೆಂಪು ಬೊಂಬೆಯೊಂದಿತ್ತು. ಕೈಕಾಲಿಲ್ಲ, ಮಡಕೆಯಂತೆ ಗುಂಡಗೆ, ಗಡ್ಡದ ಮುಖ. ಒಂದು ಕಣ್ಣಿಗೆ ಕಪ್ಪು ಗುಡ್ಡೆ, ಇನ್ನೊಂದು ಬರೀ ಬಿಳಿ. ಕಣ್ಣು ಬರೆಯದ ವಿಗ್ರಹವನ್ನು ನಮ್ಮಲ್ಲಿ ಪೂಜೆಗಿಡುವುದಿಲ್ಲ. ಪಾಪ, ಮಾಡಿದವನು ಅರ್ಧಕ್ಕೇ ಬಿಟ್ಟಿದ್ದಾನೆ, ಸರಿಮಾಡಿಸಿ ಕೊಟ್ಟರೆ ಮ್ಯಾನೇಜರಿಗೆ ಖುಷಿಯಾಗುತ್ತದೆ ಎಂದುಕೊಂಡೆ.

ಕಣ್ಣು ಬರೆಸಿ ಹೊಸ ಕಚೇರಿಗೆ ತಲುಪಿಸಿದಾಗ ಮ್ಯಾನೇಜರು ಪೆಟ್ಟಿಗೆ ತೆರೆದರು. ಬೊಂಬೆಯನ್ನು ಬೆಳಕಿಗೆ ತಿರುಗಿಸಿ ನೋಡುತ್ತಲೇ ಇದ್ದರು.

"ಇದನ್ನ ಯಾರು ಮಾಡಿದ್ದು?"

"ನಾನೇ ಸರ್. ಫ್ರೀ ಸರ್ವೀಸ್ ಲಾ!" ಎಂದೆ, ಇಲ್ಲಿನವರು ಮಾತಿನ ಕೊನೆಗೆ ಹಚ್ಚುವ ಆ 'ಲಾ' ಸಮೇತ.

"ಇದು ಎಲೆಕ್ಷನ್ ಗೆದ್ದ ಮೇಲೆ ಬರೆಯೋ ಕಣ್ಣು" ಎಂದರು. "ನಾವಿನ್ನೂ ಗೆದ್ದಿಲ್ಲ."

ಬೈಯಲಿಲ್ಲ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಮೇಜಿನ ಮೇಲೆ ಸಹಿಗೆ ಕಾದಿದ್ದ ನನ್ನ ಗುತ್ತಿಗೆಯ ಕಾಗದಗಳನ್ನು ಡ್ರಾಯರಿಗೆ ಹಾಕಿ, ಆಮೇಲೆ ನೋಡೋಣ ಎಂದರು.

ಮನೆಯಲ್ಲಿ ಹೆಂಡತಿ ಬಿಟ್ಟಾಳೆಯೇ? "ರೀ, ಬೇರೆಯವರ ಸಾಮಾನು ಮುಟ್ಟೋ ಮುಂಚೆ ಒಂದು ಮಾತು ಕೇಳೋಕಾಗಲ್ವಾ? ನಾಳೆ ಅವರ ಹೆಂಡ್ತಿಗೆ ಬೊಟ್ಟಿಲ್ಲ ಅಂತ ಇಟ್ಬಿಟ್ಟು ಬರ್ತೀರಾ?"

"ಸುಮ್ನಿರೇ, ಏನೋ ಒಳ್ಳೇದಕ್ಕೆ ಅಂತ ಮಾಡ್ದೆ."

"ಒಳ್ಳೇದು ಆಯ್ತಲ್ಲ, ಸಹಿ ಆಯ್ತಾ?"

ಎರಡು ವಾರ ಕಳೆದರೂ ಡ್ರಾಯರು ತೆರೆಯಲಿಲ್ಲ. ಅಷ್ಟರಲ್ಲಿ ಜಪಾನಿನಲ್ಲಿ ಚುನಾವಣೆ ಘೋಷಣೆಯಾಯಿತು. ಹೊರದೇಶದಲ್ಲಿರುವವರು ರಾಯಭಾರ ಕಚೇರಿಯಲ್ಲೇ ಓಟು ಹಾಕಬಹುದಂತೆ. ಸುದ್ದಿ ಕೇಳಿದ್ದೇ ತಡ, ಅವರ ಕಚೇರಿಗೆ ಹೋಗಿ, "ಸರ್, ಕೌಲಾಲಂಪುರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ, ಬೇಡ ಅನ್ಬೇಡಿ" ಎಂದೆ. ಅವರು ಬೇಡವೆನ್ನಲಿಲ್ಲ.

ಹೆದ್ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಅವರಾಗಿಯೇ ತಮ್ಮ ಕ್ಷೇತ್ರದ ಕಥೆ ತೆಗೆದರು. ಅವರ ತಂದೆಯ ಕಾಲಕ್ಕೆ ಅಲ್ಲಿಂದ ಒಬ್ಬರಲ್ಲ, ಹಲವರು ಒಟ್ಟಿಗೆ ಪಾರ್ಲಿಮೆಂಟಿಗೆ ಆಯ್ಕೆಯಾಗುತ್ತಿದ್ದರು. ತಂದೆ ಓಟು ಹಾಕುತ್ತಿದ್ದ ಅಭ್ಯರ್ಥಿ ಪ್ರತಿ ಸಲ ಕೊನೆಯ ಸೀಟಿನಲ್ಲಿ ಏದುಸಿರು ಬಿಡುತ್ತಾ ಗೆಲ್ಲುತ್ತಿದ್ದ. ಆಮೇಲೆ ಕಾನೂನು ಬದಲಾಗಿ ಕ್ಷೇತ್ರಕ್ಕೆ ಒಂದೇ ಸೀಟಾಯಿತು. ಅಂದಿನಿಂದ ಗೆದ್ದದ್ದೆಲ್ಲ ಒಂದೇ ಮನೆತನ. ಮೊದಲು ಅಪ್ಪ, ಆಮೇಲೆ ಮಗ. ತಂದೆಯ ಅಭ್ಯರ್ಥಿ ನಿಂತಷ್ಟು ಸಲವೂ ಸೋತ.

"ಚಿಹ್ನೆ ಯಾವುದು ಸರ್?"

"ಚಿಹ್ನೆ ಇಲ್ಲ. ಹೆಸರನ್ನ ಕೈಯಲ್ಲೇ ಬರೀಬೇಕು. ನಮ್ಮಪ್ಪ ಹೆಚ್ಚು ಓದಿದವರಲ್ಲ. ಹಿಂದಿನ ದಿನ ಊಟದ ಮೇಜಿನ ಮೇಲೆ ಕೂತು ಆ ಹೆಸರನ್ನ ಬರೆದು ಬರೆದು ಅಭ್ಯಾಸ ಮಾಡ್ತಿದ್ರು."

ಅವರ ಕಡೆ ಪ್ರತಿ ಚುನಾವಣೆಗೂ ಒಂದು ಬೊಂಬೆ ತಂದು ಒಂದು ಕಣ್ಣು ಬರೆಯುತ್ತಾರಂತೆ. ಗೆದ್ದರೆ ಇನ್ನೊಂದು. ಸೋತ ಬೊಂಬೆಯನ್ನು ಗುಡಿಗೆ ಕೊಟ್ಟು ಸುಡಿಸುತ್ತಾರೆ. ಕೊನೆಯ ಸಲ ಮಾತ್ರ ತಂದೆ ಕೊಡಲಿಲ್ಲವಂತೆ. "ನನ್ನ ಲೆಕ್ಕದಲ್ಲಿ ಎಣಿಕೆ ಇನ್ನೂ ಮುಗಿದಿಲ್ಲ" ಎಂದು ಕಪಾಟಿನಲ್ಲಿಟ್ಟು, ಹಾಗೇ ತೀರಿಕೊಂಡರು. ಅದೇ ಬೊಂಬೆ ಮಗನ ಮೇಜಿಗೆ ಬಂದಿತ್ತು. ನಾನು ನಲವತ್ತು ರಿಂಗಿಟ್‌ಗೆ ಮುಗಿಸಿದ್ದು ಆ ಎಣಿಕೆಯನ್ನು.

ಸ್ಟೀರಿಂಗ್ ಹಿಡಿದುಕೊಂಡೇ, "ಸರ್, ತಪ್ಪಾಯ್ತು. ನಾನು ಕೇಳ್ಬೇಕಿತ್ತು" ಎಂದೆ. ಗುತ್ತಿಗೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನನ್ನ ಜನ್ಮದಲ್ಲಿ ನಾನು ಚೌಕಾಸಿ ಮಾಡದೆ ಬಿಟ್ಟ ಜಾಗ ಅದೊಂದೇ ಇರಬೇಕು.

ಆ ಅಭ್ಯರ್ಥಿ ನಿವೃತ್ತನಾಗಿ, ಅವನ ಕಾರ್ಯದರ್ಶಿಯಾಗಿದ್ದ ಹೆಂಗಸು ಈಗ ನಿಂತಿದ್ದಳು. ಮ್ಯಾನೇಜರು ರಾಯಭಾರ ಕಚೇರಿಯ ಒಳಗೆ ಹೋಗಿ ಅವಳ ಹೆಸರು ಬರೆದು ಬಂದರು. ವಾಪಸು ಬರುವ ದಾರಿಯಲ್ಲಿ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯುವಾಗ ಅವರ ಬೆರಳು ಮೇಜಿನ ಮೇಲೆ ಅದೇ ಹೆಸರನ್ನು ಇನ್ನೊಮ್ಮೆ ಬರೆಯುತ್ತಿತ್ತು.

ಎಣಿಕೆಯ ಮರುದಿನ ಬೆಳಿಗ್ಗೆ ಮ್ಯಾನೇಜರ ಫೋನು ಬಂತು.

"ಸೋತರು."

ಗೋದಾಮಿನ ಬೀಗ ಎಲ್ಲಿಟ್ಟಿದ್ದೇನೆಂದು ನಾನು ನೆನಪಿಸಿಕೊಂಡೆ.

"ಆದರೆ ಪಾರ್ಲಿಮೆಂಟಿಗೆ ಹೋಗ್ತಾರೆ."

ಕಡಿಮೆ ಅಂತರದಲ್ಲಿ ಸೋತವರಿಗೆ ಪಕ್ಷದ ಪಟ್ಟಿಯ ಮೂಲಕ ಒಳಗೆ ಹೋಗಲು ಅಲ್ಲಿ ಇನ್ನೊಂದು ಬಾಗಿಲಿದೆಯಂತೆ. "ನಮ್ಮ ಕಡೆ ಇಂಥವರನ್ನ ಸತ್ತು ಎದ್ದು ಬಂದವರು ಅಂತ ಆಡ್ಕೋತಾರೆ" ಎಂದು ನಕ್ಕರು. "ನೀನು ವ್ಯಾಪಾರಿ, ಹೇಳು. ಆ ಕಣ್ಣು ಸರಿಯೋ ತಪ್ಪೋ?"

"ಸರ್, ಕೇಳಿದ ಬೆಲೆ ಸಿಗಲಿಲ್ಲ, ಆದರೆ ಸರಕು ಮಾರಾಟ ಆಯ್ತು. ನಮ್ಮಲ್ಲಿ ಅದನ್ನ ನಷ್ಟ ಅನ್ನಲ್ಲ."

"ನಮ್ಮಪ್ಪ ಒಪ್ತಿರಲಿಲ್ಲ" ಎಂದರು. "ನಾನು ಒಪ್ತೀನಿ."

ಗುತ್ತಿಗೆಗೆ ಸಹಿಯಾಯಿತು. ರಜೆಗೆ ಊರಿಗೆ ಹೋಗಿ ಬಂದ ಮ್ಯಾನೇಜರು ನನಗೂ ಒಂದು ಬೊಂಬೆ ತಂದುಕೊಟ್ಟರು, ಎರಡೂ ಕಣ್ಣು ಬಿಳಿ. "ಒಂದನ್ನ ಈಗಲೇ ಬರಿ. ಇನ್ನೊಂದು, ಅವರು ಕ್ಷೇತ್ರದ ಸೀಟನ್ನೇ ಗೆದ್ದಾಗ. ನಾನು ಹೇಳೋವರೆಗೂ ಮುಟ್ಟಬೇಡ, ಲಾ." ಹೀಗೆ, ನಾನು ಕಂಡಿರದ, ನನಗೆ ಓಟೂ ಇಲ್ಲದ ಒಂದು ಕ್ಷೇತ್ರ ನನ್ನ ಮೇಜಿನ ಮೇಲೆ ಕೂತಿದೆ. ನನ್ನ ಗೋದಾಮು ಇವತ್ತೂ ತೆರೆದಿರುವುದು ಆ ಮನುಷ್ಯನ ದೊಡ್ಡತನದಿಂದ. ಬೆಳಿಗ್ಗೆ ಬಾಗಿಲು ತೆಗೆದಾಗ ಆ ಒಕ್ಕಣ್ಣು ಅದನ್ನು ನೆನಪಿಸುತ್ತದೆ. ಅದರ ಧೂಳು ಒರೆಸುವ ಅಧಿಕಾರವನ್ನು ಹೆಂಡತಿ ನನ್ನಿಂದ ಕಿತ್ತುಕೊಂಡಿದ್ದಾಳೆ.

ನಿಮಗೆ ಹೇಳುವುದಿಷ್ಟು. ಬೇರೆಯವರ ಸಾಮಾನು ಕೈಗೆ ಬಂದರೆ ಮೊದಲು ಫೋಟೋ ತೆಗೆದುಕೊಳ್ಳಿ. ಬಂದ ಹಾಗೆಯೇ ವಾಪಸು ಕೊಡಿ. ಏನಾದರೂ ಅರ್ಧಕ್ಕೆ ನಿಂತಂತೆ ಕಂಡರೆ, ಸರಿಮಾಡುವ ಮೊದಲು ಯಾರು ನಿಲ್ಲಿಸಿದರು, ಏಕೆ ಎಂದು ಕೇಳಿ. ಆದರೂ ತಪ್ಪಾಯಿತೋ, ಫೋನಿನಲ್ಲಿ ಕ್ಷಮೆ ಕೇಳಬೇಡಿ. ಅವರಿಗೆ ಎಲ್ಲಿಗೆ ಹೋಗಬೇಕಾಗಿದೆಯೋ ಅಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಅವರಿಗೇ ಮಾತಾಡಲು ಬಿಡಿ. ಪೆಟ್ರೋಲು ಮಾತ್ರ ಮೊದಲೇ ಪೂರ್ತಿ ತುಂಬಿಸಿಕೊಳ್ಳಿ. ಕಥೆ ನಡುವೆ ಬಂಕಿಗೆ ತಿರುಗಿಸಬಾರದು.