ಮುದ್ದಮ್ಮ ಮುಂದೆ, ಊರು ಹಿಂದೆ

ನಮ್ಮ ಸೋದರತ್ತೆ ಮುದ್ದಮ್ಮನಿಗೆ ಊರಿನಲ್ಲಿ ಇದ್ದದ್ದು ಒಂದೇ ಒಂದು ಅಧಿಕಾರ. ಯಾವ ಸಾಹೇಬರೇ ಬರಲಿ, ಅವಳು ಕುಳವಾಡಿಯ ಕೋಲು ಹಿಡಿದು ಮುಂದೆ ನಡೆಯಬೇಕು, ಅವರು ಹಿಂದೆ ಬರಬೇಕು. ಅಮಲ್ದಾರರಾಗಲಿ, ಪೊಲೀಸಿನವರಾಗಲಿ, ಕುಳವಾಡಿಯನ್ನು ದಾಟಿ ಹೆಜ್ಜೆ ಇಡುವಂತಿರಲಿಲ್ಲ. ಇಟ್ಟರೆ ಊರಿಗೆ ಕೇಡು ಎಂಬ ನಂಬಿಕೆ. ಅಧಿಕಾರ ಎಂದೆನಲ್ಲ, ಅದು ನನ್ನ ಕೊಂಕು ಮಾತು. ಊರವರ ಪಾಲಿಗೆ ಅದು ಕೇರಿಯವರು ಮಾಡಿಕೊಂಡು ಬಂದ ಚಾಕರಿ. ದಾರಿಯಲ್ಲಿ ಹಾವಿದ್ದರೆ ಮೊದಲು ಕಚ್ಚುವುದು ಮುಂದೆ ಹೋಗುವವರನ್ನು ತಾನೆ!

ನಾನು ಶಿವಗಂಗಮ್ಮ. ಕಟ್ಟಾಯದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನನಗೆ ಕೋಪ ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ಆ ಕೋಲನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ರಜಕ್ಕೆ ಊರಿಗೆ ಹೋದಾಗಲೆಲ್ಲ, "ಅದನ್ನ ಒಲೆಗೆ ಹಾಕತ್ತೆ, ಒಂದೊತ್ತಿನ ಮುದ್ದೆನಾದ್ರೂ ಬೇಯ್ತದೆ" ಎಂದು ರೇಗುತ್ತಿದ್ದೆ.

"ಆಕಾನ ಕಣಮ್ಮಿ," ಎನ್ನುತ್ತಿದ್ದಳು ಅತ್ತೆ, ಅವಸರವೇ ಇಲ್ಲದವಳ ಹಾಗೆ. "ಅದ್ರಿಂದ ಇನ್ನೊಂದು ಕೆಲ್ಸ ಆಗ್ಬೇಕು. ಆಮ್ಯಾಕೆ ಒಲೆಗೂ ಆಕಾನ, ತಿಪ್ಪೆಗೂ ಆಕಾನ."

ಆ ಕೆಲಸ ಏನೆಂದು ತಿಳಿಯಬೇಕಾದರೆ ನಮ್ಮ ಕೆಂಗಲ್ಲುಪೇಟೆಯ ಕಥೆ ಹೇಳಬೇಕು. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿ ಕಡೆಗೆ ಹೋಗುವ ಬಸ್ಸು ಹತ್ತಿ, ಮುರಿದ ಮಣ್ಣಿನ ಕೋಟೆ ಕಂಡಲ್ಲಿ ಇಳಿದರೆ ಅದೇ ನಮ್ಮೂರು. ನಲವತ್ತೆರಡರ ಚಳವಳಿಯಲ್ಲಿ ಊರಿನ ಹುಡುಗರು ಸಂತೆ ನಿಲ್ಲಿಸಿ, ತಂತಿ ಕತ್ತರಿಸಿ, ಚಾವಡಿಯ ಮೇಲೆ ಬಾವುಟ ಹಾರಿಸಿದ್ದರು. ಪೊಲೀಸ್ ವ್ಯಾನು ಬಂದಾಗ ಅವರಲ್ಲಿ ಮೂವರು ಮಂಗಮಾಯವಾದರು. ಮೂರು ದಿನ ಹುಡುಕಿದರೂ ಸಿಗಲಿಲ್ಲ. ಅದೇ ಊರಿನ ಹೆಮ್ಮೆ.

ಸ್ವಾತಂತ್ರ್ಯ ಬಂದ ಮೇಲೆ ಆ ಹೆಮ್ಮೆಯನ್ನು ನೋಡಲು ಜನ ಬರತೊಡಗಿದರು. ತೋರಿಸುತ್ತಿದ್ದವರು ರಾಮಣ್ಣನವರು, ಆ ಮೂವರಲ್ಲಿ ಒಬ್ಬರು. ದೊಡ್ಡ ಹಿಡುವಳಿಯ ಮನೆತನ, ತೆಂಗಿನ ತೋಟ, ಆಗ ಪಂಚಾಯ್ತಿ ಚೇರ್ಮನ್. ಇನ್ನಿಬ್ಬರಲ್ಲಿ ಒಬ್ಬ ತೀರಿಹೋಗಿದ್ದ, ಇನ್ನೊಬ್ಬ ಮೈಸೂರು ಸೇರಿದ್ದ. ರಾಮಣ್ಣನವರು ಸಂತೆ ಮೈದಾನ, ಚಾವಡಿ ಎಲ್ಲ ತೋರಿಸಿ, ಕೊನೆಗೆ ಈಶ್ವರನ ಗುಡಿಯ ನೆಲಮಾಳಿಗೆಗೆ ಕರೆತರುತ್ತಿದ್ದರು. ಬಾವಲಿ ವಾಸನೆಗೆ ಮೂಗು ಮುಚ್ಚಿಕೊಂಡೇ ಎಲ್ಲರೂ ಬಗ್ಗಿ ನೋಡುವುದು. "ಇಲ್ಲೇ ಸಾ, ಈ ಕತ್ತಲಾಗೇ ಮೂರು ದಿವ್ಸ ಉಸಿರು ಬಿಗಿ ಹಿಡ್ಕಂಡು ಕೂತಿದ್ವಿ. ಆ ಪರಮಾತ್ಮನೇ ಕಾಪಾಡ್ದ!"

ಸುಳ್ಳು! ಶುದ್ಧ ಸುಳ್ಳು. ಕಾಪಾಡಿದ್ದು ಪರಮಾತ್ಮನಲ್ಲ, ನಮ್ಮ ಮಾವ ದ್ಯಾವಯ್ಯ.

ನಮ್ಮತ್ತೆಯ ಮನೆಯ ಮುಂದೆ ಒಂದು ಹಗೇವು ಇತ್ತು. ರಾಗಿ ತುಂಬಿಡಲು ನೆಲದೊಳಗೆ ಅಗೆದ ಗುಂಡಿ, ಬಾಯಿ ಕಿರಿದು, ಒಳಗೆ ಗುಡಾಣದಂತೆ ಅಗಲ, ಮೇಲೊಂದು ಚಪ್ಪಡಿ. ಯಾವ ಕಾಲದಲ್ಲಿ ಯಾರು ತೋಡಿದ್ದೋ, ನಮ್ಮ ಕೇರಿಗೆ ಅದನ್ನು ತುಂಬುವಷ್ಟು ರಾಗಿ ಎಂದೂ ಬರಲಿಲ್ಲ. ಅದು ಖಾಲಿ ಇದ್ದದ್ದಕ್ಕೇ ಆ ಮೂವರಿಗೆ ಜಾಗ ಸಿಕ್ಕಿತು. ಓಡಿಬಂದ ಹುಡುಗರನ್ನು ಮಾವ ಅದರೊಳಕ್ಕೆ ಇಳಿಸಿ, ಗಾಳಿಯಾಡಲೆಂದು ಚಪ್ಪಡಿಯನ್ನು ಓರೆ ಮಾಡಿ, ಮೇಲೆ ಕಾವು ಕೂತ ಕೋಳಿಯ ಸಮೇತ ಮಂಕರಿ ಕವುಚಿದ. ಅತ್ತೆ ಸಂದಿಯಲ್ಲಿ ಮುದ್ದೆ ಇಳಿಸುತ್ತಿದ್ದಳು, ನೀರು ಇಳಿಸುತ್ತಿದ್ದಳು. ಕೇರಿಯ ನೆರಳು ಸೋಕಿದರೆ ಮಡಿ ಕೆಟ್ಟಿತು ಎನ್ನುವ ಮನೆಯ ಮಕ್ಕಳು ಗುಕ್ಕು ಬಿಡದೆ ತಿಂದರಂತೆ.

ಪೊಲೀಸಿನವರು ಮಾವನಿಗೇ ಹೇಳಿದರು, ಕುಳವಾಡಿ ನೀನು, ಮುಂದೆ ನಡಿ, ಮನೆ ಮನೆ ತೋರಿಸು ಅಂತ. ಅವನು ನಡೆದ. ಅಟ್ಟ, ಕಣಜ, ಹುಲ್ಲಿನ ಮೆದೆ, ಕೆರೆ ಏರಿ, ಎಲ್ಲವನ್ನೂ ತೋರಿಸಿದ, ತನ್ನ ಅಂಗಳ ಒಂದನ್ನು ಬಿಟ್ಟು. ಮೂರನೆಯ ದಿನ ಅವರಿಗೆ ಅನುಮಾನ ಬಂತು. ಚಾವಡಿಯಲ್ಲಿ ಕೆಡವಿ ಹೊಡೆದರು. ಸೊಂಟ ಮುರಿಯಿತು, ಬಾಯಿ ಬಿಡಲಿಲ್ಲ. ಅಂದಿನಿಂದ ಕೋಲು ಅತ್ತೆಯ ಕೈಗೆ ಬಂತು. ಗಂಡು ಮಕ್ಕಳಿಲ್ಲದ ಮನೆ, ಇನ್ಯಾರು ಹಿಡಿಯಬೇಕು?

ಪೊಲೀಸಿನವರು ಹೋದ ಮೇಲೆ ಹುಡುಗರನ್ನು ಅವರವರ ಮನೆಯಲ್ಲಿ ಗಂಜಲ ಚಿಮುಕಿಸಿ ಒಳಗೆ ಸೇರಿಸಿಕೊಂಡರು. ಕೇರಿಯ ಮಾತು ಎತ್ತಕೂಡದೆಂದು ರಾಮಣ್ಣನವರ ತಾಯಿ ಮಗನಿಂದ ಆಣೆ ಹಾಕಿಸಿಕೊಂಡರಂತೆ. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ, ಇನ್ನೇನು!

ಮಾವ ಮಾತ್ರ ನಂಬಿದ್ದ. ಸ್ವಾತಂತ್ರ್ಯ ಬಂದ ದಿನ ಊರಲ್ಲಿ ಮೆರವಣಿಗೆ ಹೊರಟಾಗ, "ನನ್ನ ಜಗುಲಿಗೆ ಕೂರ್ಸು ಮುದ್ದಿ, ಅವ್ರು ಬತ್ತಾರೆ ಕಣೆ" ಎಂದ. ಅತ್ತೆ ಎತ್ತಿ ತಂದು ಕೂರಿಸಿ, ತಲೆಗೆ ರುಮಾಲು ಸುತ್ತಿದಳು. ವಾಲಗದ ಸದ್ದು ಹತ್ತಿರ ಹತ್ತಿರ ಬಂತು. ಹುಣಿಸೆಮರದ ತಿರುವಿಗೆ ಬಂದು, ಅಲ್ಲಿಂದಲೇ ಹಿಂದಕ್ಕೆ ತಿರುಗಿತು. ಅವನು ಕತ್ತಲಾಗುವವರೆಗೂ ಒಳಗೆ ಬರಲು ಒಪ್ಪಲಿಲ್ಲ. ಆ ದೀಪಾವಳಿಗೆ ಮೊದಲೇ ತೀರಿಕೊಂಡ. ನನ್ನತ್ತೆಗೆ ಬೇಕಾಗಿದ್ದದ್ದು ಇಷ್ಟೇ: ಆ ಮೆರವಣಿಗೆ ಅವಳ ಗಂಡನ ಜಗುಲಿಗೆ ಬರಬೇಕು, ಅವನ ಹೆಸರನ್ನು ಊರು ಬಾಯಿಬಿಟ್ಟು ಹೇಳಬೇಕು.

ಐವತ್ತೇಳರಲ್ಲಿ ಸ್ವಾತಂತ್ರ್ಯಕ್ಕೆ ಹತ್ತು ವರ್ಷ ತುಂಬಿತು. ಹಾಸನದಿಂದ ದೊಡ್ಡ ಸಾಹೇಬರು ಬರುತ್ತಾರೆ, ಹೊಳೆನರಸೀಪುರ, ಅರಕಲಗೂಡಿನ ಕಡೆಯಿಂದ ಎರಡು ಬಸ್ಸು ಜನ ಬರುತ್ತಾರೆ, ಊರು ತೋರಿಸಿ ಶಾಲೆಯ ಹತ್ತಿರ ಬಾವುಟ ಏರಿಸಿ ಬೂಂದಿ ಹಂಚುವುದೆಂದು ಗೊತ್ತಾಯಿತು. ನಾನೂ ಊರಿಗೆ ಬಂದೆ. ಅತ್ತೆ ಬೆಳಿಗ್ಗೆಯೇ ಅಂಗಳ ಸಾರಿಸಿ, ಜಗುಲಿಗೆ ಕೆಮ್ಮಣ್ಣು ಬಳಿದಿದ್ದಳು. ಚಪ್ಪಡಿಯನ್ನೂ ತೊಳೆದಿದ್ದಳು.

"ಇದ್ಯಾಕತ್ತೆ? ಯಾರು ಬತ್ತಾರೆ ಇಲ್ಲಿಗೆ?" ಎಂದೆ.

"ಬಾಯ್ ಮುಚ್ಕಂಡು ಇಂದೆ ಬಾ," ಎಂದಳು.

ಕೋಲು ಕೈಯಲ್ಲಿ, ತಮಟೆ ಹೆಗಲಲ್ಲಿ. ಹಿಂದೆ ಸಾಹೇಬರು, ಪಕ್ಕದಲ್ಲಿ ಖಾದಿ ಜುಬ್ಬದ ರಾಮಣ್ಣನವರು, ವಾಲಗ, ಜನ. ಸಂತೆ ಮೈದಾನವಾಯಿತು, ಚಾವಡಿಯಾಯಿತು. ಮಾವನನ್ನು ಕೆಡವಿ ಹೊಡೆದ ಕಲ್ಲುಹಾಸಿನ ಮೇಲೆಯೇ ನಿಂತು ರಾಮಣ್ಣನವರು ಬಾವುಟದ ಕಥೆ ಹೇಳಿದರು. ಗುಡಿಯ ನೆಲಮಾಳಿಗೆಯೂ ಆಯಿತು, ಪರಮಾತ್ಮ ಕಾಪಾಡಿದ್ದೂ ಆಯಿತು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಹುಣಿಸೆಮರದ ತಿರುವು ಬಂತು. ಬಲಕ್ಕೆ ಹೋದರೆ ಶಾಲೆ, ಎಡಕ್ಕೆ ಹೋದರೆ ನಮ್ಮ ಕೇರಿ. ಅತ್ತೆ ಎಡಕ್ಕೆ ತಿರುಗಿದಳು.

"ಏಯ್ ಮುದ್ದಿ! ಇಸ್ಕೂಲು ಈ ಕಡೆ!" ಎಂದು ರಾಮಣ್ಣನವರು ಕೂಗಿದರು.

"ಗೊತ್ತು ಬುದ್ಧಿ," ಎಂದಳು ಅತ್ತೆ. ಕಾಲು ನಿಲ್ಲಲಿಲ್ಲ.

ವಾಲಗ ನಿಂತುಹೋಯಿತು. ಸಾಹೇಬರು ಅತ್ತ ಇತ್ತ ನೋಡಿದರು. "ಆ ಕಡೆ ಏನಿಲ್ಲ ಸಾ, ಬರೀ ಕೇರಿ," ಎಂದರು ರಾಮಣ್ಣನವರು. ಅಷ್ಟರಲ್ಲಿ ಜನರ ಮಧ್ಯೆ ಯಾರೋ ಮುದುಕರು, "ಕುಳವಾಡಿ ಬುಟ್ಟು ಬ್ಯಾರೆ ದಾರಿ ಇಡಿಯಂಗಿಲ್ಲ ಕಣ್ರಪ್ಪಾ, ಊರ್ಗೆ ಆಗಾಕಿಲ್ಲ," ಎಂದು ಗೊಣಗಿದರು. ಸಾಹೇಬರಿಗೆ ಏನು ಹೊಳೆಯಿತೋ, ನಕ್ಕು ಅತ್ತೆಯ ಹಿಂದೆ ನಡೆದೇಬಿಟ್ಟರು.

ರಾಮಣ್ಣನವರ ಪಾಡು ನೋಡಬೇಕಿತ್ತು! ಮುಂದೆ ಓಡಿಹೋಗಿ ಅಡ್ಡ ನಿಲ್ಲೋಣವೆಂದರೆ ಕುಳವಾಡಿಯನ್ನು ದಾಟುವಂತಿಲ್ಲ. ಅವರ ತಾತ ಮುತ್ತಾತ ನಮ್ಮ ತಲೆಯ ಮೇಲೆ ಕೂರಿಸಿದ್ದ ಕಟ್ಟಳೆ ಅವರ ಕಾಲಿಗೇ ತೊಡರಿತ್ತು. "ಮುದ್ದಮ್ಮ, ನಿಲ್ಲು ಮುದ್ದಮ್ಮ," ಎನ್ನುತ್ತ ಹಿಂದೆ ಹಿಂದೆಯೇ ಬಂದರು. ಮುದ್ದಿ ಇದ್ದವಳು ಮುದ್ದಮ್ಮ ಆದದ್ದನ್ನು ನಾನು ಗಮನಿಸಿದೆ. ನಗು ತಡೆಯಲಾಗಲಿಲ್ಲ.

ಊರಿಗೆ ಊರೇ ಕೇರಿಯೊಳಗೆ ಬಂತು. ಅತ್ತೆ ಅಂಗಳದಲ್ಲಿ ನಿಂತು ಚಪ್ಪಡಿಯ ಮೇಲೆ ಕೋಲು ಕುಟ್ಟಿದಳು. ಒಳಗಿನ ಟೊಳ್ಳು ಢಂ ಎಂದಿತು.

"ಸಾಮಿ, ಆ ಮೂವರು ಅವಿತಿದ್ದು ಗುಡೀಲಲ್ಲ. ಈ ಹಗೇವಿನಾಗೆ. ನನ್ ಮಾತು ನಂಬ್ಬೇಡಿ, ಕೂತಿದ್ದೋರೇ ನಿಮ್ ಪಕ್ಕದಾಗವ್ರೆ, ಕೇಳಿ."

ಎಲ್ಲರ ಕಣ್ಣೂ ರಾಮಣ್ಣನವರ ಮೇಲೆ. ಒಂದು ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇರಿಯ ಹೆಂಗಸಿನ ಮಾತು ಮೇಲೋ, ಚೇರ್ಮನ್ನರ ಮಾತು ಮೇಲೋ? ಅವರ ನಂಟರೆಲ್ಲ ಅಲ್ಲೇ ನಿಂತಿದ್ದರು. ಅತ್ತೆ ಕೋಲನ್ನು ಚಪ್ಪಡಿಯಿಂದ ಎತ್ತಲಿಲ್ಲ.

ರಾಮಣ್ಣನವರು ಚಪ್ಪಡಿಯನ್ನೇ ನೋಡುತ್ತ ನಿಂತರು. ಆಮೇಲೆ ಎಕ್ಕಡ ಬಿಟ್ಟು, ಬಂದು ಅದರ ಮೇಲೆ ಕುಸಿದು ಕೂತರು.

"ಒಂದು ಚೊಂಬು ನೀರು ಕೊಡವ್ವ," ಎಂದರು.

ಅತ್ತೆ ಒಳಗೆ ಹೋಗಿ ಚೊಂಬು ತಂದಳು. ಅವರು ಕೈ ನೀಡಿದರು. ಅವಳು ಕೊಡಲಿಲ್ಲ!

"ಆವತ್ತು ಕೇಳ್ದಾಗ್ಲೂ ಇಲ್ಲ ಅನ್ಲಿಲ್ಲ, ಇವತ್ತೂ ಅನ್ನಾಕಿಲ್ಲ. ಮೊದ್ಲು ಎಸ್ರೇಳಿ ರಾಮಣ್ಣೋರೆ."

ಬುದ್ಧಿ ಅನ್ನಲಿಲ್ಲ ಅವಳು. ರಾಮಣ್ಣೋರೆ ಅಂದಳು. ಹುಟ್ಟಿದಾರಭ್ಯ ಮೊದಲ ಸಲ.

"ಯಾರೆಸ್ರು?"

"ಮಂಕರಿ ಕವುಚ್ದೋನ್ದು. ಸ್ವಂಟ ಮುರಿಸ್ಕಂಡೋನ್ದು."

ಅವರು ತಲೆ ತಗ್ಗಿಸಿ ಪಿಸುಗುಟ್ಟಿದರು. "ದ್ಯಾವಯ್ಯ."

"ನಂಗೇ ಕೇಳಿಸ್ಲಿಲ್ಲ, ಆ ತುದೀಲಿರೋರ್ಗೆ ಕೇಳಿಸ್ತದಾ?"

"ದ್ಯಾವಯ್ಯ!" ಎಂದು ಅವರು ಕೂಗಿದರು. ಕೂಗಿ ಅತ್ತುಬಿಟ್ಟರು. "ದ್ಯಾವಯ್ಯ ಇಲ್ದಿದ್ರೆ ನಮ್ಮ ಮೂವರ ಹೆಣ ಬೀಳ್ತಿತ್ತು. ನಾನು ಇಷ್ಟು ವರ್ಷ ಸುಳ್ಳೇಳ್ದೆ."

ಆಗ ಚೊಂಬು ಕೊಟ್ಟಳು. ಜುಬ್ಬದ ಮೇಲೆಲ್ಲ ಸುರಿದುಕೊಂಡು ಅವರು ಗಟಗಟ ಕುಡಿದರು, ಊರೆಲ್ಲ ನೋಡುತ್ತಿದ್ದ ಹಾಗೆಯೇ.

ಅತ್ತೆ ತಮಟೆ ಎತ್ತಿಕೊಂಡಳು. ನಮ್ಮೂರಲ್ಲಿ ತಮಟೆ ಬಡಿದು ಸಾರಿದ ಮಾತನ್ನು ನಾನು ಕೇಳಲಿಲ್ಲ ಎಂದು ಯಾರೂ ಹೇಳುವಂತಿಲ್ಲ. "ಕೇಳ್ರಪ್ಪೋ ಕೇಳಿ! ಕೆಂಗಲ್ಲುಪೇಟೆ ಮಕ್ಳ ಜೀವ ಉಳ್ಸಿದ್ದು ದ್ಯಾವಯ್ಯ! ಬಾಯ್ ಬುಡ್ದೆ ಒಡೆಸ್ಕಂಡಿದ್ದು ದ್ಯಾವಯ್ಯ! ಕೇಳ್ರಪ್ಪೋ ಕೇಳೀ!" ಕೇರಿಯವರು ಹೋ ಎಂದರು. ಯಾರು ಸನ್ನೆ ಮಾಡಿದರೋ, ವಾಲಗವೂ ಶುರುವಾಯಿತು. ನಾನು ಮೇಷ್ಟ್ರಮ್ಮ ಎಂಬುದನ್ನು ಮರೆತು ಕುಣಿದೆ. ಸಾಹೇಬರು ಬಾವುಟದ ಕಂಬವನ್ನು ಶಾಲೆಯಿಂದ ತರಿಸಿದರು. ಆ ವರ್ಷ ಬಾವುಟ ಹಾರಿದ್ದು ನಮ್ಮತ್ತೆಯ ಅಂಗಳದಲ್ಲಿ, ಬೂಂದಿ ಹಂಚಿದ್ದು ನಮ್ಮ ಜಗುಲಿಯಲ್ಲಿ.

ಆಮೇಲೆ ಅರವತ್ತರ ದಶಕದಲ್ಲೆಲ್ಲ ಶಾಲೆಯ ಮಕ್ಕಳ ಬಸ್ಸುಗಳು ಬಂದಾಗ ಊರು ತೋರಿಸುತ್ತಿದ್ದವಳು ಮುದ್ದಮ್ಮನೇ. ಕೈಯಲ್ಲಿ ಕೋಲಿರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ತುಂಟರಿಗೆ ಗದರಿಕೊಂಡು, ಮಕ್ಕಳ ಕೈ ಹಿಡಿದು ನಡೆಯುತ್ತಿದ್ದಳು. ರಾಮಣ್ಣನವರು ಕೆಲವೊಮ್ಮೆ ಜೊತೆಗೆ ಬಂದು, "ನಾನು ಇಳಿದಿದ್ದು ಇಲ್ಲೇ" ಎಂದು ಚಪ್ಪಡಿ ತೋರಿಸುತ್ತಿದ್ದರು.

ಕೋಲು ಏನಾಯಿತು ಅಂತೀರಾ? ಆ ದಿನ ಸಂಜೆ, ಎಲ್ಲರೂ ಹೋದ ಮೇಲೆ, ಅತ್ತೆ ಅದನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ ಒಲೆಗೆ ಹಾಕಿದಳು. ನನಗೆ ಬಿಸಿ ಮುದ್ದೆ ತಿನ್ನಿಸಿದಳು. ಆಮೇಲೆ ಹೊರಗೆ ಬಂದು, ಹತ್ತು ವರ್ಷದ ಹಿಂದೆ ಮಾವನನ್ನು ಕೂರಿಸಿದ್ದ ಜಾಗದ ಪಕ್ಕದಲ್ಲಿ ಕೂತು, ಕೆಮ್ಮಣ್ಣು ಬಳಿದ ಜಗುಲಿಯನ್ನು ಅಂಗೈಯಿಂದ ಸವರಿದಳು.

"ಬಂದ್ರು ಕಣಯ್ಯಾ," ಎಂದಳು.