ಕೌದಿಯ ನಡುವೆ ಉಳಿದ ಗೇಣು ಜಾಗ

ನನ್ನ ಚಿತ್ರಗಳನ್ನು ಕಂಡಾಗಲೆಲ್ಲ ಅವ್ವ ಕೇಳುತ್ತಿದ್ದುದು ಒಂದೇ ಮಾತು. "ಬರೇ ಗೆರಿ ಎಳಿಯಾಕ ಬರೋಡಾತನಕ ಹೋಗಬೇಕಿತ್ತೇನ?" ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನೀ ಕೌದಿ ತುಂಬ ದಾರದಿಂದ ಎಳಿತಿದ್ದದ್ದು ಮತ್ತೇನ?" ಎಂದು ತಿರುಗಿಸಿ ಕೊಡುತ್ತಿದ್ದೆ. ಕೌದಿಯ ಮಾತು ಬಂದ ಕೂಡಲೇ ಅವ್ವ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ಅವಳು ಸೂಜಿ ಹಿಡಿಯುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಬಿಟ್ಟದ್ದು ಅರ್ಧ ಕೌದಿಗೆ. ಐರಣಿಯ ನಮ್ಮಜ್ಜಿ ತನ್ನ ಹಳೆಯ ಸೀರೆಗಳನ್ನು ಹರಿದು ತುಂಡು ಜೋಡಿಸಿ, ರಾಣೆಬೆನ್ನೂರಿನ ನನ್ನವ್ವನನ್ನೂ ಬ್ಯಾಡಗಿಯ ದೊಡ್ಡವ್ವನನ್ನೂ ಎದುರುಬದುರು ಕೂರಿಸಿಕೊಂಡು ಹೊಲಿಸುತ್ತಿದ್ದ ಕೌದಿ ಅದು. ನಡುವೆ ಅಜ್ಜಿ ಹಾಸಿಗೆ ಹಿಡಿದಳು. ಪಕ್ಕದಲ್ಲಿದ್ದ ಅವ್ವ, ಇವತ್ತಲ್ಲ ನಾಳೆ ಎದ್ದು ಕೂರುತ್ತಾಳೆ ಎಂದುಕೊಂಡು ಅಕ್ಕನಿಗೆ ಹೇಳಿ ಕಳಿಸುವುದನ್ನು ತಡಮಾಡಿದಳು. ದೊಡ್ಡವ್ವ ಬಸ್ಸು ಇಳಿದು ಓಡಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಹಡದವ್ವನ ಮುಖಾನೂ ನೋಡಾಕ ಬಿಡಲಿಲ್ಲ ನೀ" ಎಂದು ಹೋದವಳು ತಂಗಿಯ ಜೊತೆ ಮಾತು ಬಿಟ್ಟಳು. ಅವ್ವ ಒಮ್ಮೊಮ್ಮೆ ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೇ ಅನ್ನುತ್ತಿದ್ದಳು: "ಅಕಿ ಒಂದ ಮಾತ ಆಡಿದ್ರ ಸಾಕಿತ್ತ. ಬೈದ್ರೂ ನಡೀತಿತ್ತ."

ನಮ್ಮ ಕಡೆ ಮೊಬೈಲು ಆಗಷ್ಟೇ ಬರತೊಡಗಿದ್ದ ಕಾಲ. ಬರೋಡಾದಲ್ಲಿ ನನ್ನ ಜೊತೆ ಕಲಿತ ಕೊರಿಯಾದ ಗೆಳತಿ ನಮ್ಮ ಮನೆಗೆ ಬಂದಳು. ಹಾವೇರಿಯಲ್ಲಿ ಇಬ್ಬರೂ ಸೇರಿ ಪ್ರದರ್ಶನ ಮಾಡುವುದು ಅಂತ ಠರಾವಾಗಿತ್ತು: ನನ್ನವು ಗೆರೆಯ ಮೇಲೆ ಗೆರೆ ಎಳೆದ ಚಿತ್ರಗಳು, ಅವಳವು ಅವಳ ನಾಡಿನ ತುಂಡುಬಟ್ಟೆಯ ಪರದೆಗಳು. ಅದನ್ನು ಜೊಗಕ್ಬೊ ಅನ್ನುತ್ತಾರಂತೆ. ಅಸ್ತರಿಲ್ಲದ ತೆಳುವಾದ ತುಂಡುಗಳು. ಕಿಟಕಿಗೆ ಕಟ್ಟಿದರೆ ಬಟ್ಟೆ ಕಾಣೆಯಾಗಿ ಹೊಲಿಗೆಯ ಗೆರೆಗಳಷ್ಟೇ ಬೆಳಕಿನಲ್ಲಿ ನಿಲ್ಲುತ್ತಿದ್ದವು. ಅವ್ವ ಮುಟ್ಟಿ ನೋಡಿ, "ಕೌದೀನ ಬಿಡು. ಆದ್ರ ಪಾಪ, ಹೊಟ್ಟ್ಯಾಗ ಏನೂ ಇಲ್ಲ" ಎಂದಳು. ಆಮೇಲೆ ಯಾರೂ ಕೇಳದಿದ್ದರೂ ಅಟ್ಟ ಹತ್ತಿ ಆ ಅರ್ಧ ಕೌದಿಯನ್ನು ಇಳಿಸಿದಳು.

ಪ್ರದರ್ಶನಕ್ಕೆ ಅದೇ ಬೇಕು ಅನ್ನಿಸಿತು ನನಗೆ. ಅದನ್ನು ಮುಗಿಸಲು ದೊಡ್ಡವ್ವನ ಕೈಯೂ ಬೇಕಲ್ಲ, ಕರೆಯಲು ಬ್ಯಾಡಗಿಗೆ ಹೋದೆ. ಸಂಕ್ರಾಂತಿ ಮುಗಿದು ಮೆಣಸಿನಕಾಯಿ ಪೇಟೆ ಭರ್ತಿ ನಡೆದಿತ್ತು, ಊರೆಲ್ಲ ಘಾಟು. ದೊಡ್ಡವ್ವ ಕೇಳಿಸಿಕೊಂಡು ಹೇಳಿದಳು: "ನಮ್ಮವ್ವನ ಕೌದಿ ಅಂತ ಬರ್ತೇನಿ. ಹೊಲಿಯಾಕ ಬರ್ತೇನಿ, ಮಾತಾಡಾಕ ಅಲ್ಲ."

ಹೇಳಿದಂತೆಯೇ ಬಂದಳು, ಹಾಗೆಯೇ ಕೂತಳು; ದಿನಾ ಬಸ್ಸಿಗೆ ಬಂದು ಸಂಜೆ ಬ್ಯಾಡಗಿಗೆ ಮರಳುತ್ತಿದ್ದಳು. ನಮ್ಮ ಕಡೆ ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಅವ್ವ ತನ್ನ ಬದಿಯ ಸಾಲು ಮುಗಿಸಿ ಮೂಲೆಯಲ್ಲಿ ಸೂಜಿ ಚುಚ್ಚಿ ಕೈ ಹಿಂದೆಗೆಯುತ್ತಿದ್ದಳು. ದೊಡ್ಡವ್ವ ಮುಖ ನೋಡದೆ ಅಲ್ಲಿಂದ ಎತ್ತಿಕೊಳ್ಳುತ್ತಿದ್ದಳು. ಗೆರೆ ಒಂದೇ, ಕೈ ಎರಡು. ದೊಡ್ಡವ್ವನ ಸೆರಗಿನ ಮೆಣಸಿನಕಾಯಿ ಧೂಳಿಗೆ ಅವ್ವ ಕೆಮ್ಮಿ ಕೆಮ್ಮಿ ಸುಸ್ತಾದಳು, ಆದರೂ "ಸ್ವಲ್ಪ ಝಾಡಿಸು" ಅನ್ನಲಿಲ್ಲ. ಮರುದಿನ ದೊಡ್ಡವ್ವ ಹೊಸ್ತಿಲ ಹೊರಗೇ ನಿಂತು ಸೆರಗು ಝಾಡಿಸಿ ಒಳಗೆ ಬಂದಳು. ನಾನು ಅವ್ವನ ಮುಖ ನೋಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಸುತ್ತು ಕಿರಿದಾದಂತೆ ಇಬ್ಬರೂ ಕೌದಿಯ ಮೇಲೇ ಸರಿದು ಸರಿದು ಹತ್ತಿರ ಬಂದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು. ನನಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನ್ನಿಸುವಷ್ಟು ಸಿಟ್ಟು ಬರುತ್ತಿತ್ತು. ಕೊನೆಗೆ ನಡುವೆ ಒಂದು ಗೇಣು ಜಾಗ ಉಳಿಯಿತು. ಅವ್ವ ಸೂಜಿ ಚುಚ್ಚಿಟ್ಟಳು. ದೊಡ್ಡವ್ವ ಎತ್ತಿಕೊಳ್ಳಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ನಮ್ಮ ಮನೆತನದಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ನಡುವೆ ರೊಟ್ಟಿಯ ಒಂದು ಚೂರು ಇಟ್ಟೇ ಮುಚ್ಚಬೇಕು. ಮನೆಯಾಕೆ ರೊಟ್ಟಿ ತಂದು ಕೊಡಬೇಕು, ಹಿರಿಯಳು ಬೇಡಿ ತೆಗೆದುಕೊಂಡು ಒಳಗಿಡಬೇಕು. ಇಷ್ಟು ದಿನ ಆ ಹಿರಿಯಳು ಅಜ್ಜಿಯಾಗಿದ್ದಳು. ಈಗ ದೊಡ್ಡವ್ವ ಬಾಯಿಬಿಟ್ಟು ಬೇಡಬೇಕು. ಮಾತಾಡದಿದ್ದರೆ ಕೌದಿ ಹಾಗೆಯೇ ಮತ್ತೆ ಅಟ್ಟ ಸೇರುತ್ತದೆ, ಅಕ್ಕತಂಗಿಯರದೂ ಅಲ್ಲಿಗೆ ಮುಗಿಯಿತು. ಇಬ್ಬರೂ ತಲೆ ಬಗ್ಗಿಸಿ ಕೂತೇ ಇದ್ದರು.

ಪಾಪ, ಗೆಳತಿಗೆ ಇದೆಲ್ಲ ಏನು ಗೊತ್ತು. ಹೆಂಗಸರು ದಣಿದಿದ್ದಾರೆ ಎಂದುಕೊಂಡಳು. ನಗುತ್ತ ಬಂದು ಕೂತು, ಸೂಜಿ ಕಿತ್ತುಕೊಂಡು, ಆ ಗೇಣು ಜಾಗಕ್ಕೆ ತನ್ನ ನಾಡಿನ ಹೊಲಿಗೆಯ ಮೊದಲ ಚುಕ್ಕಿ ಹಾಕಲು ಬಗ್ಗಿದಳು.

"ಬ್ಯಾಡವ್ವಾ," ಎಂದರು ಇಬ್ಬರೂ, ಒಂದೇ ಉಸಿರಿಗೆ. ಅಕ್ಕನ ಕೈ ಗೆಳತಿಯ ಮಣಿಕಟ್ಟಿನ ಮೇಲೆ, ತಂಗಿಯ ಕೈ ಅಕ್ಕನ ಕೈ ಮೇಲೆ.

ಗೆಳತಿ ಬೆಚ್ಚಿ ಸೂಜಿ ಬಿಟ್ಟಳು. ಅವ್ವ ತನ್ನ ಕೈ ತೆಗೆಯಲಿಲ್ಲ. ದೊಡ್ಡವ್ವ ಕೌದಿಯನ್ನೇ ನೋಡುತ್ತ ಕೇಳಿದಳು: "ರೊಟ್ಟಿ ಐತೇನ?"

"ಐತಿ," ಅಂದಳು ಅವ್ವ. "ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ನೀ ಬಂದ ದಿನಾನ ತಗದಿಟ್ಟೇನಿ, ಅಕ್ಕಾ."

ಅವ್ವ ಎದ್ದು ತಂದಳು. ದೊಡ್ಡವ್ವ ಚೂರು ಮುರಿದುಕೊಂಡಳು, ಆದರೆ ಒಳಗಿಡಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಮಾತು ಕೇಳಿದಳು.

"ನಮ್ಮವ್ವನ ಮುಖ ಹೆಂಗಿತ್ತ?"

ಅವ್ವ ಉಳಿದ ರೊಟ್ಟಿಯನ್ನು ಕೆಳಗಿಟ್ಟಳು. "ಮಲಗಿದ್ಹಂಗ ಇತ್ತ. ಬಾಗಲ ಕಡೆ ತಿರಗಿತ್ತ, ಅಕ್ಕಾ."

ದೊಡ್ಡವ್ವ ತಲೆಯಾಡಿಸಿದಳು. ಚೂರನ್ನು ಒಳಗಿಟ್ಟು, ಬಟ್ಟೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಿಡಿದಳು. ಅವ್ವ ಹೊಲಿದಳು.